ಹಸಿ ವಾಸನೆ ಹೋಗುವವರೆಗೆ

ಜೆರ್ಟ್ರೂಡಳ ಅಡುಗೆಮನೆಯಲ್ಲಿ ಗಡಿಯಾರವಿರಲಿಲ್ಲ, ಅಳತೆಯ ಲೋಟವೂ ಇರಲಿಲ್ಲ. ಪುಡ್ಡಿಂಗ್ ಮಾಡುವುದು ಹೇಗೆಂದು ಯಾರಾದರೂ ಕೇಳಿದರೆ ಹಣ್ಣು, ಹಾಲು, ಸಕ್ಕರೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಳು. ಎಷ್ಟು ಹೊತ್ತು ಕಾಯಿಸಬೇಕು ಎಂಬಲ್ಲಿಗೆ ಬಂದಾಗ ಮಾತ್ರ ಅವಳದು ಒಂದೇ ಉತ್ತರ: “ಹಸಿ ವಾಸನೆ ಹೋಗುವವರೆಗೆ.” ಕೇಳಿದವರು ಮನೆಗೆ ಹೋಗಿ ಮಾಡಿ ನೋಡಿ, ಅದೇ ರುಚಿ ಬರಲಿಲ್ಲವೆಂದು ಮುಂದಿನ ಸಲ ಅವಳಿಗೇ ಆರ್ಡರ್ ಕೊಡುತ್ತಿದ್ದರು.

ಅವಳು ಹುಟ್ಟಿದ್ದು ಕಾರ್ಕಳದಲ್ಲಿ. ಹದಿನಾರರ ವಯಸ್ಸಿಗೆ ಕನ್ಯಾಸ್ತ್ರೀಯರ ಹಾಸ್ಟೆಲಿನ ಅಡುಗೆಮನೆಗೆ ಸೇರಿದಳು. ಅಲ್ಲಿನ ವಯಸ್ಸಾದ ಸಿಸ್ಟರ್ ಒಬ್ಬರು ಮೊಟ್ಟೆ ಹಾಲು ಸೇರಿಸಿ, ಸಕ್ಕರೆ ಕರಗಿಸಿ, ಹಬೆಯಲ್ಲಿ ಬೇಯಿಸುವ ಪುಡ್ಡಿಂಗ್ ಕಲಿಸಿದರು. ಅಷ್ಟೇ. ಹಣ್ಣಿನ ಪುಡ್ಡಿಂಗ್‌ಗಳನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಕಟಪಾಡಿಯ ರಿಕ್ಷಾ ಚಾಲಕ ಫೌಸ್ಟಿನ್‌ನನ್ನು ಮದುವೆಯಾಗಿ ಬಂದ ಮೇಲೆ, ಹಿತ್ತಲಲ್ಲಿ ಬಿದ್ದು ಹಾಳಾಗುವ ಹಣ್ಣುಗಳನ್ನು ನೋಡಲಾಗದೆ ತಾನೇ ಶುರು ಮಾಡಿದಳು. ಅನಾನಸನ್ನು ಹಸಿಯಾಗಿ ಹಾಕಿದರೆ ಹಾಲು ಕಹಿಯಾಗಿ ಒಡೆಯುತ್ತದೆಂದು ಎರಡು ಲೀಟರ್ ಹಾಲು ಚೆಲ್ಲಿದ ಮೇಲೆ ತಿಳಿಯಿತು. ಗೇರುಹಣ್ಣಿನದ್ದು ಎಷ್ಟು ಮಾಡಿದರೂ ಗಂಟಲು ಕೆರೆಯುತ್ತದೆಂದು ಅದನ್ನು ಬಿಟ್ಟೇಬಿಟ್ಟಳು. ಎಪ್ರಿಲಿನಲ್ಲಿ ಮಾವು, ಮೇಯಲ್ಲಿ ಹಲಸು, ಮಳೆಗಾಲದಲ್ಲಿ ಅನಾನಸು, ಕ್ರಿಸ್ಮಸ್ ಹೊತ್ತಿಗೆ ಚಿಕ್ಕು. ಮಗಳು ರೇಚಲ್‌ಳ ಓದು, ಶಿರ್ವದಲ್ಲಿ ಅವಳ ಮದುವೆ, ಎಲ್ಲದರಲ್ಲೂ ಆ ಪುಡ್ಡಿಂಗಿನ ಸಣ್ಣ ಕಪ್ಪುಗಳ ಪಾಲು ಇತ್ತು.

ಹೋದ ವರ್ಷ ಜೂನ್ ಎರಡನೆಯ ವಾರ ಕಾಪುವಿನ ಒಂದು ಮನೆಗೆ ಹಲಸಿನ ಪುಡ್ಡಿಂಗ್ ಕೊಡಲಿಕ್ಕಿತ್ತು. ಫೌಸ್ಟಿನ್ ರಿಕ್ಷಾ ಬಿಡುತ್ತಿದ್ದ. ಅವಳು ಹಿಂದೆ ಕುಳಿತು, ತುಳುಕದಿರಲೆಂದು ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಳು. ಕಂಬಿ ಹಿಡಿಯಲು ಮೂರನೆಯ ಕೈ ಇರಲಿಲ್ಲ. ಮಳೆ ನೀರು ತುಂಬಿದ ಹೊಂಡಕ್ಕೆ ಚಕ್ರ ಇಳಿದಾಗ ಅವಳು ಹೊರಗೆ ಎಸೆಯಲ್ಪಟ್ಟು, ತಲೆಯ ಹಿಂಭಾಗ ರಸ್ತೆಯ ಅಂಚಿಗೆ ಬಡಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಐದು ದಿನ, ಒಂಬತ್ತು ಹೊಲಿಗೆ. ಕೈಕಾಲು ನೆಟ್ಟಗಿದೆ, ಮಾತು ನೆಟ್ಟಗಿದೆ, ದೇವರು ದೊಡ್ಡವನು ಎಂದು ಬಂದವರೆಲ್ಲ ಹೇಳಿದರು.

ಮನೆಗೆ ಬಂದ ಮರುದಿನ ಕಾಫಿ ಕುಡಿದು, “ಇದಕ್ಕೆ ಪುಡಿ ಹಾಕ್ಲಿಲ್ಲವಾ?” ಎಂದು ಕೇಳಿದಳು. ಫೌಸ್ಟಿನ್ ಲೋಟ ನೋಡಿದ. ಕಾಫಿ ಕಪ್ಪಗೇ ಇತ್ತು.

ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿ ತಿಳಿಯುತ್ತಿತ್ತು. ಬೇರೇನೂ ಇಲ್ಲ. ಬಾಳೆಹಣ್ಣು ಮೆತ್ತಗಿನ ಸಿಹಿ, ಮೀನು ಸಾರು ಬಿಸಿ ಹುಳಿ. ಬೇಲಿಯಾಚೆಯ ಮನೆಯ ವಿನೋದಾ ಬೆಳಿಗ್ಗೆ ಬೆಳಿಗ್ಗೆ ಮಲ್ಲಿಗೆ ಕೊಯ್ದು ತಂದು ಅಂಗಳದಲ್ಲಿ ಮಾರುವ ಮಾಲೆಯ ಚೆಂಡು ಕಟ್ಟಲು ಕುಳಿತರೂ, ಅವಳು ಕುಳಿತದ್ದು ಜೆರ್ಟ್ರೂಡಳಿಗೆ ಕಣ್ಣಿಗೆ ಬಿದ್ದರಷ್ಟೇ ಗೊತ್ತು. ಮೂಗಿನಿಂದ ಮಿದುಳಿಗೆ ಹೋಗುವ ಸಣ್ಣ ನರಗಳು ಬಡಿತಕ್ಕೆ ಹರಿದಿರಬಹುದು, ಕೆಲವರಿಗೆ ತಾನಾಗಿ ಸರಿಯಾಗುತ್ತದೆ, ಒಂದು ವರ್ಷ ನೋಡೋಣ ಎಂದಳು ಮಣಿಪಾಲದ ಹುಡುಗಿ ಡಾಕ್ಟರ್. ನಾಲ್ಕು ಪುಟ್ಟ ಬಾಟಲಿ ಕೊಟ್ಟಳು: ಗುಲಾಬಿ, ಲಿಂಬೆ, ಲವಂಗ, ನೀಲಗಿರಿ. ದಿನಕ್ಕೆರಡು ಸಲ ಮೂಸಬೇಕು.

ಒಂದು ವರ್ಷ. ಜೆರ್ಟ್ರೂಡ್ ಅದನ್ನು ಹಣ್ಣುಗಳ ಲೆಕ್ಕದಲ್ಲಿ ಹಿಡಿದಳು. ಅನಾನಸಿಗೆ ಬರದಿದ್ದರೆ ಚಿಕ್ಕುವಿಗೆ ಬಂದೀತು, ಅದಕ್ಕೂ ಬರದಿದ್ದರೆ ಮಾವಿಗೆ. ಹಲಸಿನ ವಾಸನೆಯಂತೂ ಸತ್ತವರಿಗೂ ತಿಳಿಯಬೇಕು ಎಂದುಕೊಂಡಳು. ಇಂಥದ್ದಕ್ಕೆ ಪ್ರಾರ್ಥನೆ ಮಾಡಲು ಅವಳಿಗೆ ನಾಚಿಕೆ. ಇಗರ್ಜಿಯಲ್ಲಿ ಪಕ್ಕದಲ್ಲಿ ಕುಳಿತವಳಿಗೆ ಡಯಾಲಿಸಿಸ್, ಮುಂದಿನ ಬೆಂಚಿನವಳ ಮೊಮ್ಮಗುವಿಗೆ ಹೃದಯದಲ್ಲಿ ತೂತು. ಅವರ ನಡುವೆ ಮೊಣಕಾಲೂರಿ ಮೂಗಿಗಾಗಿ ಬೇಡುವುದು ಹೇಗೆ? ಆದರೂ ಬೇಡಿದಳು, ಬೇರೆಯವರದ್ದೆಲ್ಲ ಮುಗಿಸಿದ ಮೇಲೆ, ಕೊನೆಯಲ್ಲಿ, ಗಡಿಬಿಡಿಯಿಂದ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ನೀಲಗಿರಿಯ ಬಾಟಲಿ ಮೂಸಿದಾಗ ಮೂಗಿನೊಳಗೆ ಏನೋ ತಣ್ಣಗೆ ಚುಚ್ಚಿತು. ಅವಳು ಬೇಲಿಯ ತನಕ ಓಡಿದಳು.

“ವಿನೋದಾ, ಬಂತು ಮಾರಾಯ್ತಿ!”

ವಿನೋದಾ ಕೈಯಲ್ಲಿದ್ದ ಮಲ್ಲಿಗೆಯನ್ನು ಬೊಗಸೆ ತುಂಬ ಅವಳ ಮುಖಕ್ಕೆ ಹಿಡಿದಳು. “ಇದು ಬರ್ತದಾ ಬಾಯಮ್ಮ?”

ಜೆರ್ಟ್ರೂಡ್ ಎಳೆದೆಳೆದು ಮೂಸಿದಳು. ಹೂವಿನ ಮೇಲಿನ ನೀರು ಮೂಗಿಗೆ ತಾಗಿತು, ಅಷ್ಟೆ. ನೀಲಗಿರಿಯದು ಬರೀ ಚಳಿ, ವಾಸನೆಯಲ್ಲ, ಅದು ಬೇರೆ ನರದ ಕೆಲಸ ಎಂದು ಡಾಕ್ಟರ್ ಆಮೇಲೆ ಹೇಳಿದಳು.

ಆದರೂ ಆರ್ಡರ್ ಬಿಡಲಿಲ್ಲ. ಬಿಟ್ಟರೆ ಮೂಗು ಹೋಗಿದೆಯೆಂದು ತಾನೇ ಒಪ್ಪಿದ ಹಾಗಾಗುತ್ತದೆ ಎಂಬ ಹೆದರಿಕೆ. ಫೌಸ್ಟಿನ್‌ನನ್ನು ಕರೆದು ಚಮಚದಲ್ಲಿ ಕೊಡುತ್ತಿದ್ದಳು. ಅವನು ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದ: “ಲಾಯ್ಕ ಉಂಟು ಜೆರ್ಟಿ. ಮೊದಲಿನ ಹಾಗೇ ಉಂಟು.”

ಜನವರಿಯಲ್ಲಿ ಕಾರ್ಕಳದಲ್ಲಿ ಅವಳ ತಮ್ಮ ಅಲೆಕ್ಸಾಂಡರ್‌ನ ಮದುವೆಯ ಇಪ್ಪತ್ತೈದನೆಯ ವರ್ಷ. ಗಂಡನ ಅಕ್ಕನನ್ನು ಬಾಯ್ ಎಂದು ಕರೆಯುವ ನಾದಿನಿ ಸಿಂಥಿಯಾ ಫೋನ್ ಮಾಡಿ, “ಬಾಯ್, ಸ್ವೀಟ್ ನಿಮ್ಮದೇ. ಬೇರೆಯವರ ಕೈಯದ್ದು ನನಗೆ ಬೇಡ” ಎಂದಳು. ನೂರಿಪ್ಪತ್ತು ಕಪ್ಪು ಚಿಕ್ಕು ಪುಡ್ಡಿಂಗ್. ಅಷ್ಟು ಹಾಲನ್ನು ಒಂದೇ ಪಾತ್ರೆಯಲ್ಲಿ ಕಾಯಿಸುವಾಗ ಜೆರ್ಟ್ರೂಡ್ ಕೈ ನಿಲ್ಲಿಸದೆ ತಿರುವಿದಳು. ನಡುವೆ ಒಮ್ಮೆ ಚಿಕ್ಕುವಿನ ಬೀಜ ತೆಗೆಯಲು ಕುಳಿತಳು. ಎಷ್ಟು ಹೊತ್ತು ಕುಳಿತಳೋ, ಗಡಿಯಾರವಿಲ್ಲದ ಮನೆ. ಎದ್ದು ಬಂದು ನೋಡಿದರೆ ಹಾಲು ಚೆನ್ನಾಗಿ ಗಟ್ಟಿಯಾಗಿತ್ತು. ಬಣ್ಣ ಒಂದಿಷ್ಟು ಕಂದು, ಚಿಕ್ಕುವಿನದ್ದೂ ಕಂದೇ. ನಾಲಿಗೆಗೆ ಹಾಕಿದಳು, ಸಿಹಿ.

ಸಮಾರಂಭದಲ್ಲಿ ಊಟವಾಗಿ ಕಪ್ಪು ಹಂಚಿದರು. ಬಂದವರೆಲ್ಲ ಅವಳ ಹತ್ತಿರ ಬಂದು, ತಲೆಯ ಗಾಯ ಹೇಗಿದೆ ಎಂದು ವಿಚಾರಿಸಿ, “ಪುಡ್ಡಿಂಗ್ ಒಳ್ಳೆಯದಾಗಿದೆ” ಎಂದರು. ಯಾರೂ ಎರಡನೆಯದು ಕೇಳಲಿಲ್ಲ. ಅದು ಅವಳಿಗೆ ಹೊಳೆದದ್ದು ಕೈ ತೊಳೆಯಲು ಹಿತ್ತಲಿಗೆ ಹೋದಾಗ. ಸಿಂಥಿಯಾ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಒಂದೊಂದೇ ಕಪ್ಪು ಎತ್ತಿ ಚಮಚದಿಂದ ಬಕೆಟಿಗೆ ಬಳಿಯುತ್ತಿದ್ದಳು. ಬಕೆಟ್ ಮುಕ್ಕಾಲು ತುಂಬಿತ್ತು. ಹೆಚ್ಚಿನ ಕಪ್ಪುಗಳಲ್ಲಿ ಒಂದೇ ಒಂದು ಚಮಚದಷ್ಟು ಹೊಂಡ.

“ಎಂತ ಸಿಂಥಿಯಾ, ಜನ ತಿನ್ಲಿಲ್ಲವಾ?”

“ಊಟ ಹೆಚ್ಚಾಯ್ತು ಬಾಯ್. ಹಂದಿ ಮಾಂಸ, ಸಣ್ಣಾಸ್... ಯಾರಿಗೂ ಹೊಟ್ಟೆಯಲ್ಲಿ ಜಾಗ ಇರ್ಲಿಲ್ಲ.”

“ಹಾಳಾಗಿತ್ತಾ?”

“ಇಲ್ಲ ಇಲ್ಲ. ಹಾಗೆಂತ ಇಲ್ಲ. ನೀವು ಒಳಗೆ ಕೂತ್ಕೊಳ್ಳಿ, ತಲೆ ತಿರುಗ್ತದೆ ನಿಮಗೆ.”

ಹಿಂದಿರುಗುವಾಗ ಬೆಳ್ಮಣ್ ದಾಟಿದ ಮೇಲೆ ಅವಳು ರಿಕ್ಷಾದ ಸದ್ದನ್ನು ಮೀರಿ ಕೇಳಿದಳು.

“ಹೇಳಿ, ಪುಡ್ಡಿಂಗ್ ಹೇಗಿತ್ತು?”

“ನಾನು ಎರಡು ತಿಂದೆ. ನೀನು ನೋಡ್ಲಿಲ್ವಾ?”

“ತಿಂದದ್ದು ನೋಡಿದೆ. ಹೇಗಿತ್ತು ಅಂತ ಕೇಳಿದ್ದು.”

“ಲಾಯ್ಕ ಇತ್ತು.”

“ನಿಮ್ಮ ಹತ್ರ ಕೇಳುವುದೂ ಒಂದೇ, ಗೋಡೆಯ ಹತ್ರ ಕೇಳುವುದೂ ಒಂದೇ.”

ಮುಂದೆ ಒಂದು ಸಣ್ಣ ಹೊಂಡ ಬಂದಾಗ ಅವನು ರಿಕ್ಷಾವನ್ನು ಪೂರ್ತಿ ನಿಲ್ಲಿಸಿ, ನಡೆಸಿದ ಹಾಗೆ ಮೆಲ್ಲಗೆ ದಾಟಿಸಿದ. ಆರು ತಿಂಗಳಿಂದ ಅವನು ಎಲ್ಲ ಹೊಂಡಗಳನ್ನೂ ಹೀಗೆಯೇ ದಾಟಿಸುತ್ತಿದ್ದ.

ಮುಂದಿನ ಆರ್ಡರಿಗೆ ಅವಳು ವಿನೋದಾಳನ್ನು ಕರೆದಳು. ವಿನೋದಾ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತಳು.

“ನನ್ನ ಮೂಗಿಗೆ ಸಂಬಳ ಎಷ್ಟು ಬಾಯಮ್ಮ?”

“ಮೊದಲು ಕೆಲಸ ಮಾಡು. ಹಸಿ ವಾಸನೆ ಹೋದ ಕೂಡಲೇ ಹೇಳು.”

“ಹೋಯ್ತು.”

“ಇಷ್ಟು ಬೇಗವಾ?”

“ಇಲ್ಲ, ಉಂಟು. ಸ್ವಲ್ಪ ಉಂಟು. ಈ ಹಸಿ ವಾಸನೆ ಅಂದ್ರೆ ಯಾವುದು ಬಾಯಮ್ಮ? ಹಣ್ಣಿನದ್ದಾ, ಹಾಲಿನದ್ದಾ?”

ಜೆರ್ಟ್ರೂಡ್ ಹೇಳಲು ಬಾಯಿ ತೆರೆದಳು. ಹಣ್ಣು ಹಾಲು ಬೇರೆ ಬೇರೆಯಾಗಿ ನಿಂತಿರುತ್ತವೆ, ಆಮೇಲೆ ಒಂದು ಗಳಿಗೆಯಲ್ಲಿ ಎರಡೂ ಸೇರಿ ಮೂರನೆಯದೊಂದು ಏಳುತ್ತದೆ, ಆಗ ಇಳಿಸಬೇಕು. ಇಷ್ಟು ಹೇಳಿದಳು. ಹೇಳುತ್ತಿರುವಾಗ ಆ ಮೂರನೆಯದು ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋದಳು, ಸಿಗಲಿಲ್ಲ. ಮಾತು ಉಳಿದಿತ್ತು. ವಾಸನೆಯ ನೆನಪೂ ಹೋಗಿತ್ತು. ವಿನೋದಾ ತಲೆಯಾಡಿಸಿ, ಇನ್ನೊಮ್ಮೆ ಮೂಸಿ, “ಈಗ ಹೋಯ್ತು ಅಂತ ಕಾಣ್ತದೆ” ಎಂದಳು. ಅವತ್ತಿನ ಪುಡ್ಡಿಂಗನ್ನು ಜನ ತಿಂದರು. ಚೆನ್ನಾಗಿತ್ತೆಂದು ಯಾರೂ ಫೋನ್ ಮಾಡಲಿಲ್ಲ.

ಮಾವು ಬಂತು, ಹೋಯಿತು. ಮೇ ಕೊನೆಗೆ ಅಲೆಕ್ಸಾಂಡರ್ ಎಂದಿನಂತೆ ತೋಟದ ಎರಡು ಹಲಸಿನಕಾಯಿ ಕಳಿಸಿದ, ಎರಡೂ ಮೆತ್ತನೆಯ ತೊಳೆಯ ಜಾತಿ. ಗೋಣಿ ಮುಚ್ಚಿ ಅಡುಗೆಮನೆಯ ಮೂಲೆಯಲ್ಲಿಟ್ಟಳು. ಅದೇ ಹೊತ್ತಿಗೆ ಇಗರ್ಜಿಯ ವಾರ್ಡಿನ ಡೈನಾ ಬಂದು, ಭಾನುವಾರ ಮಗುವಿನ ದೀಕ್ಷಾಸ್ನಾನ, ಎಂಬತ್ತು ಕಪ್ಪು ಹಲಸಿನದ್ದೇ ಆಗಬೇಕು ಎಂದಳು. “ನನ್ನ ಮದುವೆಗೂ ನೀವೇ ಮಾಡಿದ್ದು ಆಂಟಿ. ಆ ರುಚಿ ಇನ್ನೂ ಬಾಯಲ್ಲಿ ಉಂಟು.” ಜೆರ್ಟ್ರೂಡ್ ಬುಧವಾರ ಹೇಳುತ್ತೇನೆ ಎಂದಳು. ಮಂಗಳವಾರ ಮಣಿಪಾಲಕ್ಕೆ ಹೋಗಲಿಕ್ಕಿತ್ತು. ವರ್ಷ ತುಂಬುತ್ತ ಬಂದಿತ್ತು.

ಆ ಹುಡುಗಿ ಡಾಕ್ಟರ್ ದೂರದ ಊರಿನವಳು. ಕಲಿತ ಕನ್ನಡದಲ್ಲಿ ಒಂದೊಂದೇ ಶಬ್ದ ಆರಿಸಿ ಮಾತಾಡುತ್ತಿದ್ದಳು. ಕಣ್ಣು ಮುಚ್ಚಿಸಿ ಬೇರೆ ಬೇರೆ ವಾಸನೆಯ ಹನ್ನೆರಡು ಕಡ್ಡಿಗಳನ್ನು ಒಂದೊಂದಾಗಿ ಮೂಗಿನ ಕೆಳಗೆ ಹಿಡಿದಳು. ಜೆರ್ಟ್ರೂಡ್ ಹನ್ನೆರಡು ಸಲ ತಲೆಯಲ್ಲಾಡಿಸಿದಳು. ಊಹೆ ಮಾಡಿ ಹೇಳಬಹುದು ಎಂದರೂ ಮಾಡಲಿಲ್ಲ.

“ಅಮ್ಮ, ಇನ್ನು ಬರುತ್ತದೆ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ,” ಎಂದಳು ಡಾಕ್ಟರ್. “ಮನೆಯಲ್ಲಿ ಗ್ಯಾಸ್ ಸೋರಿದರೆ ನಿಮಗೆ ತಿಳಿಯುವುದಿಲ್ಲ. ಹಳಸಿದ ಅನ್ನವೂ ತಿಳಿಯುವುದಿಲ್ಲ. ಯಾವಾಗಲೂ ಯಾರಾದರೂ ಜೊತೆಗಿರಲಿ.”

ಫೌಸ್ಟಿನ್ ಕೇಳಿದ, “ಔಷಧಿ ಎಂತಾದ್ರೂ? ಇಂಜೆಕ್ಷನ್? ಮಂಗಳೂರಿಗೆ ಹೋದ್ರೆ?”

ಡಾಕ್ಟರ್ ಇಲ್ಲವೆಂದಳು. ಜೆರ್ಟ್ರೂಡ್ ಎದ್ದು ಅವಳ ಕೈ ಹಿಡಿದು, “ದೇವರು ಒಳ್ಳೆಯದು ಮಾಡ್ಲಿ” ಎಂದಳು. ಅದನ್ನು ಮನಸ್ಸಿನಿಂದಲೇ ಹೇಳಿದಳು. ಒಂದು ವರ್ಷದಲ್ಲಿ ಅವಳಿಗೆ ನೇರವಾಗಿ ಸತ್ಯ ಹೇಳಿದ್ದು ಇವಳೊಬ್ಬಳೇ.

ಹೊರಗೆ ರಿಕ್ಷಾದ ಹತ್ತಿರ ಬಂದಾಗ ಜೆರ್ಟ್ರೂಡ್ ಹತ್ತಲಿಲ್ಲ. ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿಗಳು ಅವರನ್ನು ಬಳಸಿಕೊಂಡು ಹೋಗುತ್ತಿದ್ದರು.

“ಇವತ್ತು ಒಂದು ನಿಜ ಹೇಳಿ,” ಎಂದಳು. “ಕಾರ್ಕಳದಲ್ಲಿ ಎಂತ ಆಗಿತ್ತು?”

ಫೌಸ್ಟಿನ್ ಹ್ಯಾಂಡಲ್ ನೋಡುತ್ತ ಕುಳಿತಿದ್ದ.

“ಅಡಿ ಹಿಡಿದಿತ್ತು.”

“ನಿಮಗೆ ಅಲ್ಲಿ ತಿಂದಾಗ ಗೊತ್ತಾಯ್ತಾ?”

“ಮನೆಯಲ್ಲೇ ಗೊತ್ತಾಯ್ತು. ಅಂಗಳಕ್ಕೆ ಬರುವಾಗಲೇ ವಾಸನೆ ಬರ್ತಾ ಇತ್ತು.”

“ಗೊತ್ತಿದ್ದೂ ನೂರಿಪ್ಪತ್ತು ಕಪ್ಪು ರಿಕ್ಷಾಕ್ಕೆ ಹೊತ್ತು ಹಾಕಿದಿರಾ?”

“ನೀನು ಹಾಡು ಹೇಳ್ತಾ ಕಪ್ಪಿಗೆ ಬಡಿಸ್ತಾ ಇದ್ದೆ ಜೆರ್ಟಿ. ಬಿದ್ದ ಮೇಲೆ ಅವತ್ತೇ ಮೊದಲು ನೀನು ಹಾಡಿದ್ದು. ನಾನು ಹೇಗೆ ಹೇಳ್ಲಿ? ಬೀಳಿಸಿದವನು ನಾನು. ಮೂಗು ತೆಗೆದವನೇ ಬಂದು ವಾಸನೆ ಬರ್ತದೆ ಅಂತ ಹೇಳುವುದಾ?”

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇವನು ಇನ್ನು ಸಾಯುವವರೆಗೂ ಹೀಗೆಯೇ, ಸುಟ್ಟದ್ದನ್ನೂ ಹಳಸಿದ್ದನ್ನೂ ಲಾಯ್ಕ ಉಂಟೆಂದು ನುಂಗುತ್ತಲೇ ಇರುತ್ತಾನೆ, ಒಮ್ಮೆ ಬಾಯಿಬಿಟ್ಟನೆಂದು ಅವನಿಂದ ಬೇರೆಯದು ಆಗದು ಎಂಬುದಷ್ಟೇ ತಿಳಿಯಿತು. ಡಾಕ್ಟರ್ ಹೇಳಿದ ‘ಯಾರಾದರೂ ಜೊತೆಗಿರಲಿ’ ಎಂಬ ಆ ಯಾರಾದರೂ ಇವನೇ. ಅವಳು ರಿಕ್ಷಾ ಹತ್ತಿದಳು.

ಮರುದಿನ ಡೈನಾಳಿಗೆ ಫೋನ್ ಮಾಡಿದಳು. “ಆಗುವುದಿಲ್ಲ ಮಗಾ. ಬೇಕರಿಗೆ ಹೇಳಿಬಿಡು, ಅವರು ಮಾಡಿಕೊಡ್ತಾರೆ.”

“ಹುಷಾರಿಲ್ವಾ ಆಂಟಿ? ಬೇಕಾದ್ರೆ ನಲವತ್ತೇ ಸಾಕು.”

“ಹುಷಾರುಂಟು. ನಾನು ಬಿಟ್ಟಿದ್ದೇನೆ.”

ಹಾಗೆ ಹೇಳಿದ್ದು ಅವಳಿಗೇ ಮೊದಲ ಸಲ ಕೇಳಿಸಿತು. ಆ ಕಡೆ ಡೈನಾ ಏನೋ ಸಮಾಧಾನ ಹೇಳುತ್ತಿದ್ದಳು. ಮುಂದಿನ ವರ್ಷ ಸರಿಯಾಗ್ತದೆ, ಪ್ರಾರ್ಥನೆ ಮಾಡುವ ಎಂದಳು. ಜೆರ್ಟ್ರೂಡ್ ಹೂಂ ಹೂಂ ಎಂದು ಫೋನ್ ಇಟ್ಟಳು.

ಶನಿವಾರ ಬೆಳಿಗ್ಗೆ ವಿನೋದಾ ಬೇಲಿಯ ಹತ್ತಿರ ಬಂದು ನಿಂತಳು. ಮೂಗಿಗೆ ಸೆರಗು ಹಿಡಿದಿದ್ದಳು.

“ಬಾಯಮ್ಮ, ಹಲಸು ಕೊಯ್ಲಿಲ್ವಾ?”

“ಹಣ್ಣಾಗಿದೆಯಾ?”

ವಿನೋದಾ ಒಂದು ಗಳಿಗೆ ಅವಳ ಮುಖ ನೋಡಿದಳು. “ಮೊನ್ನೆಯೇ ಆಗಿತ್ತು. ನೀವು ತೆಗೀತೀರಿ ಅಂತ ಸುಮ್ಮನಿದ್ದೆ. ಈಗ ಕೊಳೆತದ್ದು ಬರ್ತದೆ, ರಸ್ತೆಯವರೆಗೂ.”

ಜೆರ್ಟ್ರೂಡ್ ಒಳಗೆ ಹೋಗಿ ಗೋಣಿ ಎತ್ತಿದಳು. ಹಣ್ಣುಗಳು ಕಪ್ಪಾಗಿ ಕುಸಿದು, ಕೆಳಗೆ ರಸ ಹರಿದು, ನೊಣ ಮುತ್ತಿತ್ತು. ಮೂರು ದಿನದಿಂದ ಅವಳು ಅದರ ಪಕ್ಕದಲ್ಲೇ ಕುಳಿತು ಊಟ ಮಾಡಿದ್ದಳು. ಫೌಸ್ಟಿನ್ ಕೂಡ ಎದುರಿಗೆ ಕುಳಿತು ಊಟ ಮಾಡಿದ್ದ. ಏನೂ ಹೇಳಿರಲಿಲ್ಲ.

“ನಿನ್ನ ದನ ತಿನ್ನುವುದಾದ್ರೆ ತೆಗೆದುಕೊಂಡು ಹೋಗು,” ಎಂದು ಅಲ್ಲಿಂದಲೇ ಕೂಗಿ ಹೇಳಿ, ನೆಲ ಒರೆಸಲು ಬಟ್ಟೆ ಹುಡುಕಿದಳು. ಒರೆಸಿದಳು. ವಾಸನೆ ಹೋಯಿತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಒರೆಸಿದಳು.