ಒಂದು ದಿನದ ಕೊರತೆ

ನನ್ನ ವಹಿಯಲ್ಲಿ ಸಾಲಿಗೆ, ಅಂದರೆ ಶಾಲೆಗೆ, ಬಂದ ದಿನಕ್ಕೆ ಒಂದು ಗೀಟು, ಬಾರದ ದಿನಕ್ಕೆ ಒಂದು ಚುಕ್ಕೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಶಿಗ್ಗಾಂವಿ ತಾಲೂಕಿನ ನಮ್ಮೂರಿನ ಸಣ್ಣ ಹೈಸ್ಕೂಲಿನಲ್ಲಿ ನಾನು ಮ್ಯಾಟ್ರಿಕ್ ವರ್ಗದಲ್ಲಿದ್ದೆ. ವರ್ಗದ ಮೂವತ್ತೆಂಟು ಹೆಸರುಗಳ ಮುಂದೆಯೂ ದಿನವೂ ಗೀಟು ಚುಕ್ಕೆ ಹಾಕುತ್ತಿದ್ದೆ. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಎಮ್ಮೆ ಎಷ್ಟು ಹಾಲು ಕೊಟ್ಟಿತು, ಮಳೆ ಯಾವ ವಾರ ಬಂತು, ಅದನ್ನೂ ಬರೆಯುತ್ತಿದ್ದೆ.

ಸಾಲಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರೂ ಯಾವಾಗಲೂ ಹಾಜರಿದ್ದರು. ಮೆಣಸಿನಕಾಯಿ ಹರಿಯುವ ಕಾಲಕ್ಕೆ ಅರ್ಧ ವರ್ಗ ಹೊಲದಲ್ಲಿರುತ್ತಿತ್ತು. ಅವರ ಹೆಸರು ಕರೆದಾಗ ಪಕ್ಕದವರು ದನಿ ಕೊಡುತ್ತಿದ್ದರು, ಮಾಸ್ತರರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಊರವರು ಇದನ್ನು ದೊಡ್ಡ ಉಪಕಾರವೆಂದೇ ತಿಳಿದಿದ್ದರು. ನಾನು ಹೊಲಕ್ಕೆ ಹೋದ ದಿನ ಬೆಂಚಿನ ಗೆಳತಿ ನನ್ನ ಹೆಸರಿಗೆ 'ಹಾಜರ್' ಎನ್ನುತ್ತಿದ್ದಳು. ಮರುದಿನ ಯಾರ್ಯಾರು ಬಂದಿದ್ದರೆಂದು ಆಕೆಯನ್ನೇ ಕೇಳಿ ವಹಿ ತುಂಬುತ್ತಿದ್ದೆ. ಹಿಂದಿನ ವರ್ಷ ನಮ್ಮ ಸಾಲಿಯಿಂದ ಮೂವರು ಮಾತ್ರ ಪಾಸಾಗಿದ್ದರು.

ಸಂಕ್ರಮಣದ ಮರು ಸೋಮವಾರ ಹಿರೇಕೆರೂರಿನಿಂದ ಹೊಸ ಹೆಡ್‌ಮಾಸ್ತರರು ಬಂದರು. ಸಣ್ಣ ಆಳು, ಮೆತ್ತಗಿನ ಮಾತು. ಹೆಸರು ಕರೆದರು, ಮೂವತ್ತೆಂಟು ಸಲ ಉತ್ತರ ಬಂತು. ಆಮೇಲೆ ಬೆಂಚುಗಳ ನಡುವೆ ನಡೆದು ತಲೆ ಎಣಿಸಿದರು. ಇಪ್ಪತ್ತೊಂದು.

"ಉಳಿದ ಹದಿನೇಳು ಮಂದಿ ಎಲ್ಲಿಂದ ಮಾತಾಡಿದ್ರು?"

ಅವರು ಹಾಜರಿ ಪುಸ್ತಕ ಮುಚ್ಚಿದರು.

"ಜೂನದಿಂದ ಖರೇ ಹಾಜರಿ ಎಷ್ಟು ಅಂತ ಹೇಳಾವ್ರು ಒಬ್ರೂ ಇಲ್ಲೇನು?"

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. "ಆಕಿ ಅದಾಳ್ರೀ ಸರ. ದಿನಾ ಗೀಟ ಹೊಡೀತಾಳ. ನಾವ ಕೆಮ್ಮಿದ್ದೂ ಬರದಿರಬೇಕ್ರೀ." ವರ್ಗವೆಲ್ಲ ನಕ್ಕಿತು.

"ನಾಳಿ ಆ ವಹಿ ತಗೊಂಡ ಬಾ" ಎಂದರು ಹೆಡ್‌ಮಾಸ್ತರರು ನನಗೆ.

ಹೊರಗೆ ಬಂದಾಗ ಗಣಿತದ ಮಾಸ್ತರರು ಮೆಟ್ಟಿಲ ಮೇಲೆ ನಿಂತಿದ್ದರು. "ನಾವ ಬರಲಾರದ ದಿನಾನೂ ಬರದೀಯೇನವಾ?" ಎಂದು ನಗುತ್ತಲೇ ಕೇಳಿದರು. ಬರೆದಿದ್ದೆ. ಇಪ್ಪತ್ತಾರು ದಿನ. ಇಲ್ಲವೆಂದು ತಲೆ ಅಲ್ಲಾಡಿಸಿ ಓಡಿದೆ.

ಆದರೆ ನನ್ನ ಹೆದರಿಕೆ ಅವರದಲ್ಲ, ವಹಿಯಲ್ಲಿ ನನ್ನದೇ ಹೆಸರಿನ ಸಾಲಿನದು. ಒಟ್ಟು ದಿನಗಳಲ್ಲಿ ಮುಕ್ಕಾಲು ಪಾಲು ಹಾಜರಿ ಇಲ್ಲದವರ ಫಾರ್ಮು ಪರೀಕ್ಷೆಗೆ ಹೋಗುವುದಿಲ್ಲ. ಅಪ್ಪ ಮೊದಲೇ ಹೇಳಿದ್ದ: "ಈ ವರ್ಷ ಪರೀಕ್ಷಾ ಕಟ್ಟಿದಿ, ಛಲೋ. ಇಲ್ಲಾಂದ್ರ ಸಾಲಿ ಸಾಕು. ಹಾನಗಲ್ ಕಡಿಂದ ಹೆಣ್ಣ ಕೇಳಾಕತ್ತಾರ." ನನಗಾಗ ಹದಿನೇಳು ವರ್ಷ.

ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಪಕ್ಕ ಕೂತು ಲೆಕ್ಕ ಹಾಕಿದೆ. ಅಲ್ಲಿವರೆಗೆ ಸಾಲಿ ನಡೆದದ್ದು ನೂರಾ ಅರವತ್ತು ದಿನ, ನನ್ನ ಗೀಟು ನೂರಾ ಒಂಬತ್ತು. ಮುಂದೆ ನಲವತ್ತು ದಿನ. ಒಂದೂ ತಪ್ಪಿಸದಿದ್ದರೆ ನೂರಾ ನಲವತ್ತೊಂಬತ್ತು. ಬೇಕಾದದ್ದು ನೂರಾ ಐವತ್ತು.

ಆಗಸ್ಟಿನಲ್ಲಿ ಒಂದು ಚುಕ್ಕೆ ಇತ್ತು. ಆ ದಿನ ಮಧ್ಯಾಹ್ನದ ಗಂಟೆಯವರೆಗೆ ಸಾಲಿಯಲ್ಲಿದ್ದು ಕಳೆ ತೆಗೆಯಲು ಹೋಗಿದ್ದೆ. ಅರ್ಧ ದಿನಕ್ಕೆ ಚುಕ್ಕೆ ಎಂಬುದು ನಾನೇ ಮಾಡಿಕೊಂಡ ನಿಯಮ. ಪೆನ್ಸಿಲ್ಲಿನ ಚುಕ್ಕೆ, ಉದ್ದ ಎಳೆದರೆ ಗೀಟಾಗುತ್ತಿತ್ತು.

"ಎಷ್ಟೊತ್ತು ಅದನ್ನ ನೋಡ್ತಿ? ಅಳಾಕತ್ತಿ ಏನು?" ಎಂದಳು ಅವ್ವ.

"ಹೊಗಿ, ಅವ್ವ."

ಎಳೆಯಲಿಲ್ಲ. ಒಳ್ಳೆಯತನವಲ್ಲ, ಭಯ. ನನ್ನ ಒಂದು ಚುಕ್ಕೆ ಸುಳ್ಳಾದರೆ ಉಳಿದ ಮೂವತ್ತೇಳು ಜನರ ಚುಕ್ಕೆಗಳನ್ನು ನಾನು ಯಾವ ಮುಖದಿಂದ ತೋರಿಸಲಿ?

ಮರುದಿನ ಹೆಡ್‌ಮಾಸ್ತರರು ನಾನು ಎದುರಿಗೆ ನಿಂತಿದ್ದಂತೆಯೇ ಹಾಳೆ ಹಾಳೆ ತಿರುವಿದರು. ಗಣಿತದ ಮಾಸ್ತರರ ಪುಟಕ್ಕೆ ಬಂದಾಗ ಏನೂ ಹೇಳದೆ ಮುಂದೆ ಹೋದರು. ಕೊನೆಗೆ ನನ್ನ ಸಾಲಿನ ಮೇಲೆ ಬೆರಳಿಟ್ಟರು.

"ನಿನಗ ಒಂದ ದಿನ ಕಡಿಮಿ ಬೀಳತೈತಿ."

"ಹೌದ್ರಿ ಸರ."

"ಗೊತ್ತಿದ್ದೂ ತಂದಿ?"

ಅವರು ಕಾಗದ ತೆಗೆದುಕೊಂಡು ಏನೋ ಗುಣಿಸಿದರು. "ನಾಕು ಐತ್ವಾರ ಸೂಟಿ ಕೊಡದ ಸಾಲಿ ಇಡ್ತೇನಿ. ಇನ್ನೂರಾ ನಾಕು ದಿನಾ ಆಗ್ತಾವ. ಮುಕ್ಕಾಲು ಅಂದ್ರ ನೂರಾ ಐವತ್ಮೂರು. ನೀ ಒಂದೂ ಬಿಡದಂಗ ಬಂದ್ರ ಬರೋಬ್ಬರಿ ಅಷ್ಟ." ನನ್ನಂತೆ ಅಂಚಿನಲ್ಲಿದ್ದವರು ಇನ್ನೂ ಐದು ಮಂದಿ ಇದ್ದರು.

ಆದರೆ ಮುಂದೆ ಹತ್ತಿ ಬಿಡಿಸುವ ಕಾಲ. ಅಪ್ಪ ಬಿಡಲಾರ ಎಂದೆ. ಅವರು ಅಂದೇ ನಮ್ಮ ಮನೆಗೆ ಬಂದರು.

"ಬರ್ರಿ ಮಾಸ್ತರ, ಕುಂದರ್ರಿ" ಎಂದ ಅಪ್ಪ.

"ಮುಂಜಾನಿ ಏಳರಿಂದ ಹನ್ನೊಂದರ ತನಕ ಸಾಲಿ ಮಾಡ್ತೇನಿ. ಮಧ್ಯಾಹ್ನ ಹತ್ತಿ ಬಿಡಸ್ಲಿ."

ಅಪ್ಪನಿಗೆ ನಗು ತಡೆಯಲಿಲ್ಲ. "ಹತ್ತಿ ಇಬ್ಬನ್ಯಾಗ ಬಿಡಿಸಬೇಕ್ರಿ. ಬಿಸಲೇರಿದ್ರ ಒಣಗಿದ ಎಲಿ ಪುಡಿಯಾಗಿ ಅರಳಿಗೆ ಹತ್ತತಾವು. ಹೊಲಾ ನೋಡಿಲ್ಲೇನ್ರಿ ನೀವು?"

"ನೋಡಿಲ್ರಿ. ಹಂಗಾರ ಹನ್ನೆರಡಕ್ಕ ಗಂಟಿ ಹೊಡಸ್ತೇನಿ. ಕಳಸ್ತೀರಿ?"

ಅಪ್ಪ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದ. "ಕಳಸ್ತೇನ್ರಿ."

ಸೋಮವಾರದಿಂದ ಹನ್ನೆರಡಕ್ಕೆ ಸಾಲಿ ಶುರುವಾಗುವ ಗಂಟೆ. ಮೊದಲ ವಾರ ಇಪ್ಪತ್ತೆಂಟು ತಲೆ, ಮೂರನೆಯ ವಾರ ಮೂವತ್ತಾರು. ಗಣಿತದ ಮಾಸ್ತರರು ಗಂಟೆಗೆ ಮೊದಲೇ ಬರತೊಡಗಿದರು. ನನ್ನತ್ತ ನೋಡುತ್ತಿರಲಿಲ್ಲ, ಆದರೆ ಬೀಜಗಣಿತ ಮೊದಲಿಂದ ಶುರು ಮಾಡಿದರು. ನಾನಂತೂ ದಿನವೂ ಹೆದರುತ್ತಿದ್ದೆ. ಹೊಲದಲ್ಲಿ ಹಾವು ಕಂಡರೆ, ಮೋಡ ಕವಿದರೆ, ನನ್ನ ತಮ್ಮ ಸೀನಿದರೂ ಲೆಕ್ಕವೇ ನೆನಪಾಗುತ್ತಿತ್ತು.

ನಾಲ್ಕನೆಯ ಐತವಾರವೇ ಕೊನೆಯ ದಿನ. ಎರಡು ದಿನದಿಂದ ಜ್ವರ, ಗಂಟಲು ಕಟ್ಟಿತ್ತು. ಅವ್ವನ ಭುಜ ಹಿಡಿದು ಹೋಗಿ ಬೆಂಚಿನಲ್ಲಿ ಕೂತೆ. ನನ್ನ ಹೆಸರು ಕರೆದರು. ಬಾಯಿ ತೆರೆದೆ, ದನಿ ಹೊರಡಲಿಲ್ಲ.

"ಹಾಜರ್‌ರೀ!" ಗೆಳತಿ ರೂಢಿಯಂತೆ ಕೂಗಿದಳು.

ಹೆಡ್‌ಮಾಸ್ತರರು ಪೆನ್ನು ಎತ್ತಿ ಹಿಡಿದರು. "ಆಕಿನ ಹೇಳ್ಲಿ."

ಅವರು ಮುಂದಿನ ಹೆಸರಿಗೆ ಹೋಗಲಿಲ್ಲ, ಪುಸ್ತಕವನ್ನೂ ನೋಡಲಿಲ್ಲ. ನನ್ನನ್ನೇ ನೋಡುತ್ತ ಕಾದರು. ನಾನು ಬೆಂಚು ಹಿಡಿದು ಎದ್ದು ನಿಂತೆ. ಮೂರನೆಯ ಸಲಕ್ಕೆ ಒಂದು ಗೊಗ್ಗರು ದನಿ ಬಂತು. ಅದು 'ಹಾಜರ್' ಎಂದು ನನಗೇ ಖಾತ್ರಿಯಿರಲಿಲ್ಲ. ಅವರು ಬರೆದುಕೊಂಡರು.

ಮನೆಗೆ ಬಂದು ವಹಿಯಲ್ಲಿ ನೂರಾ ಐವತ್ತಮೂರನೆಯ ಗೀಟು ಎಳೆದೆ. ಜ್ವರದಲ್ಲಿ ಎಳೆದ ಅದು ಸೊಟ್ಟಗಾಗಿದೆ.