ಲಗ್ನಪತ್ರಿಕೆ ನುಂಗಿದ ಕಂಪ್ಯೂಟರ್

ನಮ್ಮ ಕೆಳಗಿನ ಮನೆಯ ದಾಕ್ಷಾಯಣಿಯನ್ನು ಹುಡುಕಿಕೊಂಡು ಬರುವವರು ಬಾಗಿಲು ತಟ್ಟುವ ಮೊದಲೇ ಜಗಳ ಶುರು ಮಾಡಿರುತ್ತಾರೆ. ಸೋದರತ್ತೆಯ ಹೆಸರು ಮೇಲೆ ಬರಬೇಕೋ, ಸೋದರಮಾವನ ಹೆಸರು ಮೇಲೆ ಬರಬೇಕೋ ಎಂಬ ವಾದ ಗೇಟಿನ ಹತ್ತಿರದಿಂದಲೇ ಕೇಳಿಸುತ್ತದೆ. ದಾಕ್ಷಾಯಣಿ ಮನೆಯಲ್ಲೇ ಕೂತು ಲಗ್ನಪತ್ರಿಕೆ ಟೈಪ್ ಮಾಡಿಕೊಡುವವಳು. ಬ್ಯಾಟರಾಯನಪುರದಿಂದ ವಿದ್ಯಾರಣ್ಯಪುರದವರೆಗೆ ಎಷ್ಟೋ ಮದುವೆಗಳ ಪತ್ರಿಕೆಗಳು ಅವಳ ಕೈಯಿಂದ ಹೊರಟಿವೆ. ಅಚ್ಚು ಹಾಕುವುದು ಯಶವಂತಪುರದ ಒಂದು ಪ್ರೆಸ್. ಅಲ್ಲಿಗೆ ಹೋಗುವ ಮುಂಚೆ ‘ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ನೆಂಟರನ್ನೆಲ್ಲ ಕೂರಿಸುವುದು ಇವಳ ಕೆಲಸ. ಟೈಪ್ ಮಾಡುವುದಕ್ಕೆ ಅರ್ಧ ಗಂಟೆ ಸಾಕು. ಕೂರಿಸುವುದಕ್ಕೆ ವಾರಗಳು ಬೇಕು.

ನಾನು ಮೇಲಿನ ಮನೆಯವಳು, ಸರ್ಕಾರಿ ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ನನಗಿಲ್ಲ. ಒಂದು ಸಲ ಅವಳು ಮಾಡಿದ ಪತ್ರಿಕೆಯಲ್ಲಿ ಮದುಮಗನ ಇನಿಷಿಯಲ್ ತಪ್ಪಾಗಿದ್ದದ್ದನ್ನು ಹಿಡಿದೆ. ಅಂದಿನಿಂದ ಕರಡು ತಿದ್ದುವ ಕೆಲಸ ನನ್ನ ಕೊರಳಿಗೆ ಬಿತ್ತು. ಪ್ರತಿಫಲ ಚಹಾ, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಮುರಿದರೆ ಪಕ್ಕದ ಮನೆಗೂ ಕೇಳಿಸುತ್ತದೆ, ಆದರೂ ನಾನು ಬೇಡ ಎಂದದ್ದಿಲ್ಲ.

ದಾಕ್ಷಾಯಣಿ ಇಂಡಿ ಕಡೆಯವಳು. ಮದುವೆಗೆ ಮುಂಚೆ ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಕಲಿತಳು. ಗಂಡ ಶಿವಪುತ್ರನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಆ ಪುಣ್ಯಾತ್ಮ ಮನೆಯಲ್ಲಿರುವುದಕ್ಕಿಂತ ಹೆಚ್ಚು ಹೊತ್ತು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿರುತ್ತಾನೆ. ಅವನೇ ಬಿಡಿಭಾಗ ತಂದು ಜೋಡಿಸಿಕೊಟ್ಟ ಕಂಪ್ಯೂಟರ್ ದೇವರ ಗೂಡಿನ ಕೆಳಗೇ ಇದೆ. ದಾಕ್ಷಾಯಣಿ ದಿನಾ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅದರ ಹಣೆಗೊಂದು ವಿಭೂತಿ ಎಳೆದು, ಆಮೇಲೆ ಕೆಲಸಕ್ಕೆ ಕೂರುವವಳು.

ಹೊರಗಿನವಳಾದ ಅವಳು ಇಲ್ಲಿನ ಗೌಡರ ಮನೆಗಳ ಜಗಳ ಬಿಡಿಸುತ್ತಿದ್ದದ್ದು ಒಂದೇ ಒಂದು ಸುಳ್ಳಿನಿಂದ. ಇಬ್ಬರೂ ಪಟ್ಟು ಬಿಡದಿದ್ದಾಗ ಅವಳು ಎರಡು ಕೀಲಿ ಒತ್ತಿ, ಪರದೆಯನ್ನೇ ನೋಡುತ್ತ, ಹೆಸರನ್ನು ಎಲ್ಲಿ ಕೂರಿಸಬೇಕೆಂದು ಕಂಪ್ಯೂಟರೇ ಹೇಳುತ್ತದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದುಬಿಡುವಳು. ಮನುಷ್ಯರ ಮಾತಿಗೆ ಬಗ್ಗದವರು ಪೆಟ್ಟಿಗೆಯ ಮಾತಿಗೆ ತಲೆಬಾಗುತ್ತಿದ್ದರು. ಹೀಗೆ ಮೇಷ್ಟರ ಕೆಲಸವನ್ನೂ ಪಂಚಾಯ್ತಿ ಕಟ್ಟೆಯ ಕೆಲಸವನ್ನೂ ಆ ಪೆಟ್ಟಿಗೆಯೇ ಮಾಡುತ್ತಿತ್ತು. ನನಗೆ ನಗು ಬರುತ್ತಿತ್ತು, ತಡೆದುಕೊಳ್ಳುತ್ತಿದ್ದೆ.

ಈ ಸಲ ಪತ್ರಿಕೆ ನಮ್ಮ ಮನೆ ಮಾಲೀಕರಾದ ಪಿಳ್ಳಪ್ಪನವರದ್ದೇ. ಮಗಳು ಮಂಜುಶ್ರೀಯ ಮದುವೆ. ಪಿಳ್ಳಪ್ಪನವರು ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆದವರು, ಈಗ ಬಾಡಿಗೆದಾರರನ್ನು ಬೆಳೆಯುತ್ತಿದ್ದಾರೆ. ತಮ್ಮ ಚನ್ನಕೇಶವ ಪಕ್ಕದ ಕಟ್ಟಡದಲ್ಲೇ ಇದ್ದಾರೆ. ಎರಡು ಕಟ್ಟಡ ಕಟ್ಟುವಾಗ ಮೆಟ್ಟಿಲು ಯಾವ ದಿಕ್ಕಿಗೆ ಇಳಿಯಬೇಕೆಂಬುದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟರು. ಆಮೇಲೆ ಮೆಟ್ಟಿಲು ಎರಡು ಕಡೆಗೂ ಇಳಿಯಿತು, ಮಾತು ಮಾತ್ರ ಯಾವ ಕಡೆಗೂ ಇಳಿಯಲಿಲ್ಲ. ಪತ್ರಿಕೆಯಲ್ಲಿ ತನ್ನ ಹೆಸರು ಇರಬೇಕಾದ ಕಡೆ ಇಲ್ಲದಿದ್ದರೆ ಮದುವೆ ಮಂಟಪದ ಕಡೆ ತಲೆ ಹಾಕುವುದಿಲ್ಲ ಎಂದು ಚನ್ನಕೇಶವ ಮೂರನೆಯವರ ಹತ್ತಿರ ಹೇಳಿಕಳಿಸಿದ್ದರು. ಚಿಕ್ಕಪ್ಪ ಬಾರದೆ ತಾನು ಹಸೆಮಣೆ ಹತ್ತುವುದಿಲ್ಲವೆಂದು ಮಂಜುಶ್ರೀ ಊಟ ಬಿಟ್ಟಿದ್ದಳು. ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದದ್ದು ಆ ಚಿಕ್ಕಪ್ಪನೇ.

ಹುಡುಗಿಯ ಮುಖ ನೋಡಲಾರದೆ ದಾಕ್ಷಾಯಣಿ ಹಟಕ್ಕೆ ಬಿದ್ದಳು. ಕರಡಿನ ಮೇಲೆ ಕರಡು ತೆಗೆದಳು. ಪಿಳ್ಳಪ್ಪನವರು ಒಂದೊಂದನ್ನೂ ಹರಿದು ಹಾಕಿದರು. ಮನೆದೇವರ ಮುಂದೆ ಮೊದಲ ಪತ್ರಿಕೆ ಇಡುವವರೆಗೆ ಪ್ರೆಸ್ಸಿಗೆ ಬಿಟ್ಟರೆ ಒಂದಕ್ಷರವೂ ಈ ಪೆಟ್ಟಿಗೆಯಿಂದ ಹೊರಗೆ ಹೋಗಕೂಡದು, ಮೊಬೈಲಿನಲ್ಲಿ ಫೋಟೋ ತೆಗೆಯಕೂಡದು, ನೆಂಟರ ಕೈಗೆ ಸಿಕ್ಕರೆ ಇನ್ನೊಂದು ಕುರುಕ್ಷೇತ್ರವಾಗುತ್ತದೆ ಎಂದು ಕಟ್ಟಪ್ಪಣೆ ಮಾಡಿದ್ದರು. ಕೊನೆಗೆ ಬುಧವಾರ ಸಂಜೆ ದಾಕ್ಷಾಯಣಿ ಕೀಲಿ ಒತ್ತಿ, ಪರದೆ ನೋಡಿ, ತಂದೆತಾಯಿಯ ಹೆಸರಿನ ಕೆಳಗೇ ಚಿಕ್ಕಪ್ಪ ಚಿಕ್ಕಮ್ಮನ ಹೆಸರು ಬರಬೇಕೆಂದು ಕಂಪ್ಯೂಟರ್ ತೋರಿಸುತ್ತಿದೆ ಎಂದಳು.  ಪಿಳ್ಳಪ್ಪನವರು, ಹಾಗಿದ್ದರೆ ಹಾಕು, ಬೆಳಿಗ್ಗೆ ಇನ್ನೊಂದು ಸಲ ನೋಡಿ ಪ್ರೆಸ್ಸಿಗೆ ಕಳಿಸೋಣ ಎಂದು ಎದ್ದುಹೋದರು. ಮಧ್ಯಾಹ್ನದೊಳಗೆ ಬಾರದಿದ್ದರೆ ಬೇರೆಯವರ ಕೆಲಸ ಎತ್ತಿಕೊಳ್ಳುತ್ತೇವೆ, ಮದುವೆ ಸೀಸನ್ನು ಎಂದು ಪ್ರೆಸ್ಸಿನವರು ಹೇಳಿದ್ದರು.

ಗುರುವಾರ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದೆ. ದಾಕ್ಷಾಯಣಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು.

“ಅಕ್ಕೋರ, ಕಂಪ್ಯೂಟರ್ ಚಾಲೂ ಆಗವಲ್ದು. ಸ್ವಲ್ಪ ಕೆಳಗ ಬರ್ರಿ.”

ಕೆಳಗೆ ಹೋಗಿ ನೋಡಿದೆ. ಬಟನ್ ಒತ್ತಿದರೆ ಒಳಗೆ ಫ್ಯಾನು ಗುರ್ ಎನ್ನುವುದು, ದೀಪ ಹತ್ತುವುದು, ಪರದೆಗೆ ಬೆಳಕು ಬರುವ ಮೊದಲೇ ಎಲ್ಲ ಆರಿಹೋಗುವುದು. ಪೆಟ್ಟಿಗೆಯ ನಾಲ್ಕು ಮೂಲೆಗೂ ಯಾರೋ ಅರಿಶಿನ ಹಚ್ಚಿದ್ದರು. ಬಟನ್ನಿನ ಮೇಲೂ ದಪ್ಪಗೆ ಅರಿಶಿನ, ಅದರ ನಡುವೆ ಕುಂಕುಮ. ಪಿಳ್ಳಪ್ಪನವರ ಹೆಂಡತಿ ಕೃಷ್ಣಮ್ಮ ರಾತ್ರಿ ಬಂದಿದ್ದರಂತೆ. ಲಗ್ನಪತ್ರಿಕೆ ಹಂಚುವ ಮೊದಲು ಅದರ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ಶಾಸ್ತ್ರ. ಪತ್ರಿಕೆ ಸದ್ಯಕ್ಕೆ ಪೆಟ್ಟಿಗೆಯೊಳಗೆ ಇದೆಯಲ್ಲ, ಅದಕ್ಕೆ ಪೆಟ್ಟಿಗೆಗೇ ಹಚ್ಚಿದ್ದರು. ದಾಕ್ಷಾಯಣಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ನೋಡುವಷ್ಟರಲ್ಲಿ ಕೃಷ್ಣಮ್ಮ ಕೈಮುಗಿದು ಹೊರಟಿದ್ದರು. ಶುಭಕಾರ್ಯದ ಗುರುತಲ್ಲವೇ, ನಾವ್ಯಾರೂ ಅದರ ಕಡೆ ಎರಡನೇ ಸಲ ನೋಡಲಿಲ್ಲ. ದಾಕ್ಷಾಯಣಿಯಂತೂ ಕುಂಕುಮ ಅಳಿಸಬಾರದೆಂದು ಬಟನ್ನಿನ ಅಂಚನ್ನಷ್ಟೇ ಉಗುರಿನಲ್ಲಿ ಒತ್ತುತ್ತಿದ್ದಳು.

ಅವಳು ಕ್ರಮವಾಗಿ ಕೆಲಸಕ್ಕೆ ಇಳಿದಳು. ಗೋಡೆಯ ಪ್ಲಗ್ ಬದಲಿಸಿದಳು. ಯುಪಿಎಸ್ ಬಿಟ್ಟು ನೇರವಾಗಿ ಕರೆಂಟು ಕೊಟ್ಟಳು. ಪರದೆಯ ವೈರು ಬಿಚ್ಚಿ ಹಾಕಿದಳು. ಪಕ್ಕದ ಮುಚ್ಚಳ ತೆಗೆದು ಒಳಗಿನ ಧೂಳು ಊದಿದಾಗ ವರ್ಷಗಳ ವಿಭೂತಿಯೆಲ್ಲ ನನ್ನ ಮುಖಕ್ಕೇ ಬಂತು. ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಬೇಕು, ಕೊಳೆ ಕೂತಿದ್ದರೆ ಹೋಗುತ್ತದೆ ಎಂದು ರಬ್ಬರ್ ಕೇಳಿದಳು. ನಿವೃತ್ತಿಯಾದ ಮೇಲೂ ನನ್ನ ಪರ್ಸಿನಲ್ಲಿ ರಬ್ಬರ್ ಇರುತ್ತದೆ, ಕೊಟ್ಟೆ. ಉಜ್ಜಿ ಹಾಕಿದಳು. ಗುರ್ ಎಂದಿತು, ಆರಿತು.

ಅಷ್ಟರಲ್ಲಿ ಪಿಳ್ಳಪ್ಪನವರು ಬಂದರು, ಹಿಂದೆಯೇ ಮಗ ಮಹೇಂದ್ರ ಬಂದ, ಬಾಗಿಲಲ್ಲಿ ಕೃಷ್ಣಮ್ಮ ನಿಂತರು. ನಮ್ಮ ಜನಕ್ಕೆ ಕೆಟ್ಟ ಯಂತ್ರ ಕಂಡರೆ ಸಾಕು, ಎಲ್ಲರೂ ಇಂಜಿನಿಯರುಗಳೇ. ಪಿಳ್ಳಪ್ಪನವರಿಗೆ ಗೊತ್ತಿದ್ದ ಯಂತ್ರ ಬೋರ್‌ವೆಲ್ಲಿನ ಮೋಟರ್ ಒಂದೇ. ಒಂದು ಫೇಸ್ ಹೋಗಿರಬೇಕು ಎಂದರು. ಅಲ್ಲವೆಂದು ತಿಳಿದ ಮೇಲೆ ಗಾಳಿ ಹಿಡಿದಿರಬೇಕು, ಮೇಲಿಂದ ಸ್ವಲ್ಪ ನೀರು ಹುಯ್ದರೆ ಎತ್ತಿಕೊಳ್ಳುತ್ತದೆ ಎಂದರು. ದಾಕ್ಷಾಯಣಿ ಸದ್ದಿಲ್ಲದೆ ನೀರಿನ ತಂಬಿಗೆಯನ್ನು ಒಳಗೆ ಇಟ್ಟು ಬಂದಳು. ಹೊಸದು ತಗೊಂಡ್ರೆ ಆಯ್ತಪ್ಪ ಎಂದು ಮಹೇಂದ್ರ ಮೊಬೈಲಿನಲ್ಲಿ ಹೊಸ ಕಂಪ್ಯೂಟರುಗಳನ್ನು ತೋರಿಸತೊಡಗಿದ. ರಿಪೇರಿ ಅಂಗಡಿಯ ಮನೋಹರನಿಗೆ ಫೋನು ಮಾಡಿದೆವು. ಅವನು ಯಂತ್ರದ ಮುಖವನ್ನೂ ನೋಡದೆ, ಮದರ್‌ಬೋರ್ಡ್ ಹೋಗಿದೆ, ಬಿಟ್ಟು ಹೋಗಿ ಸೋಮವಾರ ನೋಡುತ್ತೇನೆ ಎಂದ. ಬಾಡಿಗೆ ಮನೆಗೆ ಬೇಡದವರನ್ನೆಲ್ಲ ಸೇರಿಸಿದರೆ ಹೀಗೇ ಆಗುವುದು, ಯಾರದ್ದೋ ಕಣ್ಣು ಬಿದ್ದಿದೆ ಎಂದು ಕೃಷ್ಣಮ್ಮ ನನ್ನ ಕಡೆ ನೋಡಿದರು. ಕೃಷ್ಣಮ್ಮ ತಮ್ಮ ತಪ್ಪನ್ನು ಒಪ್ಪಿಕೊಂಡವರಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಈಗಿನ ಉಪ್ಪೇ ಸರಿಯಿಲ್ಲ ಎನ್ನುವವರು.

ಪಿಳ್ಳಪ್ಪನವರು ಕುರ್ಚಿ ಎಳೆದುಕೊಂಡು ಕೂತು, ಪೆಟ್ಟಿಗೆಯನ್ನೇ ದಿಟ್ಟಿಸಿದರು. ಅವರ ಮುಖದಲ್ಲಿ ನಿಧಾನವಾಗಿ ಒಂದು ನೆಮ್ಮದಿ ಮೂಡುತ್ತಿರುವುದು ನನಗೆ ಕಾಣಿಸಿತು. 

“ಅದಕ್ಕೇ ಇಷ್ಟ ಇಲ್ಲ ಕಣಮ್ಮ,” ಎಂದರು. “ಎಸ್ರು ಕೂರ್ಸೋದು ಅದೇ ಅಂತ ನೀನೇ ಏಳ್ತಿದ್ದೆ. ನಿನ್ನೆ ಕೂರ್ಸ್ತು, ರಾತ್ರಿಯೆಲ್ಲ ಯೋಚ್ನೆ ಮಾಡ್ತು, ಇಡಿಸ್ಲಿಲ್ಲ. ಆ ಎಸ್ರು ತಗದಾಕು, ತಾನಾಗೇ ಸುರುವಾಯ್ತದೆ.”

 ದಾಕ್ಷಾಯಣಿಯದೇ ಸುಳ್ಳು ಅವಳ ಮುಂದೆಯೇ ಕಾಲು ಚಾಚಿ ಕೂತಿತ್ತು. ಪತ್ರಿಕೆಯನ್ನು ಮತ್ತೆ ಟೈಪ್ ಮಾಡುವುದು ಅವಳಿಗೆ ದೊಡ್ಡದಲ್ಲ, ಹೆಸರುಗಳೆಲ್ಲ ಬಾಯಿಪಾಠ. ಆದರೆ ಪಿಳ್ಳಪ್ಪನವರ ‘ಹಾಕು’ ಎಂಬ ಮಾತನ್ನು ಇನ್ನೊಂದು ಸಲ ಟೈಪ್ ಮಾಡಲು ಬರುವುದಿಲ್ಲವಲ್ಲ. ಗೋಡೆಯ ಆಚೆ ಮಾಲೀಕರ ಮನೆಯಲ್ಲಿ ಮಂಜುಶ್ರೀ ಓಡಾಡುವ ಸದ್ದು ಕೇಳುತ್ತಿತ್ತು. ಯಂತ್ರ ಕೆಟ್ಟ ಸುದ್ದಿ ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ನನಗಂತೂ ಅಳು ಬರುವಂತಾಯಿತು, ಸಿಟ್ಟೂ ಬಂತು. ಇಷ್ಟು ದೊಡ್ಡ ಗಂಡಸು ಒಂದು ತಗಡಿನ ಪೆಟ್ಟಿಗೆಯ ಹಿಂದೆ ಅಡಗಿಕೊಳ್ಳುವುದೇ ಎಂದು.

ದಾಕ್ಷಾಯಣಿ ನೆಲದ ಮೇಲೆ ಕೂತು, ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ, ಮತ್ತೆ ಒತ್ತಿದಳು. ಗುರ್ ಎಂದಿತು, ಆರಿತು. ಇನ್ನೊಂದು ಸಲ ಒತ್ತಿದಳು. ಆರುವ ಹೊತ್ತು ಪ್ರತಿ ಸಲವೂ ಅದೇ. ಅವಳು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ್ದರ ಸಾರ ಇದು. ಇಂಡಿಯ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಹಟ ಹಿಡಿದು ನಿಂತಾಗ ಬಟನ್ನನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತು ಹಿಡಿದರೆ ಬಲವಂತವಾಗಿ ಆರುತ್ತಿತ್ತು. ಇದೂ ಹಾಗೇ ಆರುತ್ತಿದೆ. ಯಾರೋ ಬೆರಳಿಟ್ಟು ಬಟನ್ನನ್ನು ಬಿಡದೆ ಹಿಡಿದುಕೊಂಡಂತಿದೆ.

ಇಬ್ಬರೂ ಒಟ್ಟಿಗೆ ಬಟನ್ ಕಡೆ ನೋಡಿದೆವು. ಒತ್ತಿದ ಬಟನ್ ತಕ್ಷಣ ಹೊರಗೆ ಬರುತ್ತಿರಲಿಲ್ಲ, ಒಳಗೇ ಕಚ್ಚಿಕೊಂಡು ನಿಂತು ಬಹಳ ನಿಧಾನವಾಗಿ ಏಳುತ್ತಿತ್ತು. ಅರಿಶಿನ ಸುತ್ತಲಿನ ಸಂದಿಗೆ ಇಳಿದು, ಒಣಗಿ, ಗಾರೆಯಂತೆ ಗಟ್ಟಿಯಾಗಿತ್ತು. ದಾಕ್ಷಾಯಣಿ ಬಾಯಿ ತೆರೆದಳು, ಬಾಗಿಲಲ್ಲಿದ್ದ ಕೃಷ್ಣಮ್ಮನನ್ನು ಕಂಡು ಮುಚ್ಚಿದಳು. ಬಾಡಿಗೆಗಿರುವವಳು ಮನೆಯೊಡತಿಗೆ, ಅದೂ ಮಗಳ ಮದುವೆಯ ಅರಿಶಿನಕ್ಕೆ ದೋಷ ಹೇಳುವುದು ಹೇಗೆ? ಹೇಳದಿದ್ದರೆ ತಪ್ಪು ಕಂಪ್ಯೂಟರಿನದಾಗಿಯೇ ಉಳಿಯುತ್ತದೆ, ಚನ್ನಕೇಶವನ ಹೆಸರು ಹೋಗುತ್ತದೆ.

ಅವಳು ಬಟನ್ ಸಿಕ್ಕಿಕೊಂಡಿದೆ ಎಂದಷ್ಟೇ ಹೇಳಿ, ತಲೆಯ ಪಿನ್ನು ತೆಗೆದು, ಸಂದಿಯನ್ನು ಕೆರೆದಳು. ಒದ್ದೆ ಬಟ್ಟೆಯ ತುದಿಯಲ್ಲಿ ಒರೆಸಿದಳು. ಟಕ್ ಎಂದು ಬಟನ್ ಹೊರಗೆ ಬಂತು. ಒತ್ತಿದಳು. ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು. ಪರದೆ ಬೆಳಗಿತು. ಪತ್ರಿಕೆ ತೆರೆದುಕೊಂಡಿತು, ಹೆಸರುಗಳೆಲ್ಲ ಕೂತಲ್ಲೇ ಕೂತಿದ್ದವು. ಮಹೇಂದ್ರ ಚಪ್ಪಾಳೆ ತಟ್ಟಿದ.

ಪಿಳ್ಳಪ್ಪನವರು ಜಗ್ಗಲಿಲ್ಲ. ಈಗ ಶುರುವಾದರೆ ಏನಾಯಿತು, ಬೆಳಿಗ್ಗೆಯೇ ಒಂದು ಸಲ ಬೇಡ ಅಂತ ಹೇಳಿಯಾಯಿತಲ್ಲ, ಶಕುನ ಶಕುನವೇ, ಹೆಸರು ತೆಗೆ ಎಂದರು. ದಾಕ್ಷಾಯಣಿ ಕೈಯಲ್ಲಿದ್ದ ಪಿನ್ನನ್ನು ತಿರುಗಿಸಿ ನೋಡಿದಳು. ಪಿನ್ನಿನ ತುದಿಯೆಲ್ಲ ಹಳದಿಯಾಗಿತ್ತು. ನಾನು ಬಾಯಿ ಬಿಡುವವಳಿದ್ದೆ, ಅವಳು ನನ್ನ ಸೆರಗು ಜಗ್ಗಿದಳು.

ಕೃಷ್ಣಮ್ಮನ ಕಣ್ಣು ಪಿನ್ನಿನ ಮೇಲೆ ಬಿತ್ತು. ಅಲ್ಲಿಂದ ಬಟನ್ ಮೇಲೆ ಬಿತ್ತು. ಅವರು ಒಳಗೆ ಬಂದು ಗಂಡನ ಕುರ್ಚಿಯ ಎದುರಿಗೆ ನಿಂತರು.

“ಅದು ಬೇಡ ಅನ್ಲಿಲ್ಲ. ನಾನ್ ಮೆತ್ತಿದ್ ಅರಿಶ್ಣ ಕಚ್ಕೊಂಡಿತ್ತು. ತಪ್ಪು ನಂದು,” ಎಂದರು. ಹಾಗೇ ಮುಂದುವರಿದು, “ನಾನು ಈ ಮನೆಗ್ ಬಂದಾಗ ಆ ಉಡುಗುನ್ಗೆ ಚಡ್ಡಿ ಲಾಡಿ ಕಟ್ಕೊಳಕ್ ಬರ್ತಿರ್ಲಿಲ್ಲ. ನಾನೇ ಕಟ್ತಿದ್ದೆ. ಅವ್ನ ಎಸ್ರು ಅಲ್ಲೇ ಇರ್ಲಿ,” ಎಂದರು.

 ಮಹೇಂದ್ರ ಮೊಬೈಲು ಕೆಳಗಿಟ್ಟ. ತಾಯಿಯ ಬಾಯಲ್ಲಿ ‘ತಪ್ಪು ನಂದು’ ಎಂಬ ಮಾತು ಅವನೂ ಆ ದಿನವೇ ಮೊದಲು ಕೇಳಿದ್ದು, ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಪಿಳ್ಳಪ್ಪನವರು ಹೆಂಡತಿಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಕೊನೆಗೆ ಕೇಳಿದ್ದು ಒಂದೇ ಮಾತು, ಅರಿಶಿನವನ್ನು ನೀರಲ್ಲಿ ಕಲಸಿದ್ದೋ ಹಾಲಲ್ಲಿ ಕಲಸಿದ್ದೋ ಎಂದು. ಶುಭಕಾರ್ಯಕ್ಕೆ ಯಾರಾದರೂ ನೀರಲ್ಲಿ ಕಲಸುತ್ತಾರೆಯೇ ಎಂದು ಕೃಷ್ಣಮ್ಮ ಗದರಿದರು. ಹಾಲಾದರೆ ಅಂಟುತ್ತದೆ, ಅಂಟದೆ ಏನು ಮಾಡುತ್ತದೆ ಎಂದು ಪಿಳ್ಳಪ್ಪನವರು ಒಪ್ಪಿಕೊಂಡರು.

ಇವರ ಹಾಲು ನೀರಿನ ಮಾತು ಮುಗಿಯುವಷ್ಟರಲ್ಲಿ ಮೌಸಿನ ಗುಂಡಿ ಒತ್ತಿದ ಸದ್ದು ಕೇಳಿಸಿತು. ದಾಕ್ಷಾಯಣಿ ಕೀಬೋರ್ಡಿನ ಮೇಲಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. 

“ಹೋತ್ರಿ ಗೌಡ್ರ. ಪ್ರೆಸ್ಸಿಗೆ ಮುಟ್ಟೇತಿ. ಇನ್ನ ತಿದ್ದಾಕ ಬರಂಗಿಲ್ಲ.”

ಪಿಳ್ಳಪ್ಪನವರು ಎದ್ದು ಪರದೆಯ ಹತ್ತಿರ ಬಂದರು. ಈಗ ಬೈಗುಳ ಶುರುವಾಗುತ್ತದೆ ಎಂದುಕೊಂಡು ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಬಗ್ಗಿ, ಎರಡನೇ ಸಾಲಿನ ಹತ್ತಿರ ಬೆರಳಿಟ್ಟರು.

“ತಿದ್ದು ಅಂತ ಯಾರಂದ್ರು? ಮೇಡಮ್ಮೋರೆ, ನೀವೊಂದ್ಸಲ ಓದಿ. ನನ್ ತಮ್ಮನ್ ಎಸ್ರು ಸರಿಯಾಗ್ ಬಂದೈತಾ?”

ಓದಿದೆ. ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಸಿ, ಅವರಿಗೆ ಕೇಳುವಂತೆ ಓದಿದೆ. ಸರಿಯಾಗಿದೆ ಎಂದೆ.