ಕೆಸರಿನಲ್ಲಿ ನುಗ್ಗೆಕಾಯಿ ನೆಡುವ ಕಸ್ತೂರಿ

ಕಮಲಾಪುರದ ಕೆಂಬಾಳೆ ತೋಟದ ಅಂಚಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೀರು ನಿಂತು ಮೊಣಕಾಲುದ್ದ ರಾಡಿಯಾದ ಗುಂಡಿಯಲ್ಲಿ ಹದಿನಾಲ್ಕು ಹೆಂಗಸರು ಕಚ್ಚೆ ಕಟ್ಟಿ ಸಾಲಾಗಿ ನುಗ್ಗೆಕಾಯಿ ನೆಡುತ್ತಿದ್ದಾರೆ. ಎಮ್ಮೆ ಹೊಡೆದುಕೊಂಡು ಹೊರಟ ಮುದುಕ ಸಾಯಬಣ್ಣ ನಿಂತೇಬಿಡುತ್ತಾನೆ. "ಕಸ್ತೂರಿ, ಫಸಲು ಯಾವಾಗ ಬರ್ತದವಾ?"

"ಮಧ್ಯಾಹ್ನಕ್ಕ ಬಾ ಕಾಕಾ. ಕಿತ್ತು, ತೊಳದು, ಸಾರು ಮಾಡಿರ್ತೀನಿ."

ಇದು ತಾಲೀಮು. ಖರೆ ನಾಟಿ ನಡೆಯುವುದು ಒಂದು ರಾತ್ರಿಯ ಬಸ್ ಪ್ರಯಾಣದಾಚೆ, ಕುಮಟಾ ಕಡೆಯ ಹಿನ್ನೀರಿನಲ್ಲಿ. ಅಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ ಗಿಡ, ಬೀಜವನ್ನು ಕೆಳಗೆ ಬಿಡುವ ಮೊದಲೇ ಮೈಮೇಲಿಟ್ಟುಕೊಂಡು ಮೊಳಕೆ ಬರಿಸುತ್ತದೆ. ಚೊಚ್ಚಿಲ ಹೆರಿಗೆಗೆ ಬಂದ ಮಗಳನ್ನು ಬಾಣಂತನ ಮುಗಿಸಿಯೇ ಗಂಡನ ಮನೆಗೆ ಕಳಿಸುವ ತಾಯಿಯ ಹಾಗೆ. ಆ ಮೊಳಕೆ ನೋಡಲು ಥೇಟ್ ನುಗ್ಗೆಕಾಯಿ.

ನಲವತ್ತಾರರ ಕಸ್ತೂರಿಯ ಕೊರಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಫೋನು ತೂಗುತ್ತಿದೆ. ಹೋದ ವರ್ಷ ಇವರ ತಂಡ ನೆಟ್ಟ ಗಿಡಗಳನ್ನು ಆ ಹಿನ್ನೀರಿನ ಊರಿನವರು ನಿನ್ನೆ ಎಣಿಸಿದ್ದಾರೆ; ಲೆಕ್ಕ ಇವತ್ತು ಬರಬೇಕು. ಅರ್ಧಕ್ಕಿಂತ ಹೆಚ್ಚು ಬದುಕಿದ್ದರೆ ಈ ವರ್ಷವೂ ಕರೆ. ಇಲ್ಲದಿದ್ದರೆ ಬೇರೆ ತಂಡ.

ಎಂಟು ವರ್ಷದ ಹಿಂದೆ ಅವಳು ಅಲ್ಲಿಗೆ ಹೋದದ್ದು ಒಡೆದ ಒಡ್ಡಿಗೆ ಕಲ್ಲು ಹೊರಲು. ಬಿಡುವಿನಲ್ಲಿ ನೋಡುತ್ತಾಳೆ, ಹಳೆಯ ಮರಗಳ ಸುತ್ತ ಕೆಸರಿನಿಂದ ಬೆರಳುದ್ದದ ಕಡ್ಡಿಗಳು ಎದ್ದು ನಿಂತಿವೆ, ತೊಗರಿ ಕೊಯ್ದ ಮೇಲೆ ಉಳಿದ ಕೂಳೆಯ ಹಾಗೆ. ತೊಗರಿ ನಾಡಿನ ಕೈ ಸುಮ್ಮನಿರುತ್ತದೆಯೇ? ಕಡ್ಡಿಗಳನ್ನೆಲ್ಲ ಕಿತ್ತು ಒಂದು ಮರದ ಬುಡವನ್ನು ಅಂಗಳದಂತೆ ಹಸನು ಮಾಡಿಬಿಟ್ಟಳು. ಚಿಪ್ಪಿ ಹೆಕ್ಕುತ್ತಿದ್ದ ಹೊನ್ನಮ್ಮ ಅಂಬಿಗ ಬುಟ್ಟಿ ಬಿಟ್ಟು ಓಡಿ ಬಂದಳು: "ಎಂತ ಮಾಡ್ದೆ ಮಾರಾಯ್ತಿ, ಅದು ಬೇರು, ಮರದ ಮೂಗು. ಮೂಗು ಕಿತ್ರೆ ಉಸ್ರು ಎಲ್ಲಿಂದ ಬಿಡೂದು?"

"ನಾಚಿಕಿ ಬಂತ್ರೀ," ಎನ್ನುತ್ತಾಳೆ ಕಸ್ತೂರಿ. "ಆ ಮರ ಅವರ ಅನ್ನ. ಏಡಿ, ಚಿಪ್ಪಿ, ಮೀನಿನ ಮರಿ ಎಲ್ಲಾ ಅದರ ಬುಡದಾಗ. ದನಕ್ಕ ಅದರ ಸೊಪ್ಪು. ಒಡ್ಡಿನ ಮುಂದ ಅದು ನಿಂತರಷ್ಟ ಗದ್ದಿಗೆ ಉಪ್ಪುನೀರು ನುಗ್ಗಲ್ಲ. ಕಿತ್ತಿದ್ದಕ್ಕ ನೆಟ್ಟು ಕೊಡ್ತೀನಿ ಅಂದೆ." ಬಾಳೆಗಿಡ ಹಚ್ಚಿ ಪಳಗಿದ ಕೈ, ಬೇಗ ಕಲಿಯಿತು. ಮರುವರ್ಷ ತನ್ನೂರಿನ ನಾಲ್ವರನ್ನು ಕರೆದೊಯ್ದಳು.

ಅಲ್ಲಿ ಉಬ್ಬರದ ನೀರು ಇಳಿದ ನಾಲ್ಕು ತಾಸಿನಲ್ಲೇ ಒಬ್ಬೊಬ್ಬರು ಮುನ್ನೂರು ಮೊಳಕೆ ಮುಗಿಸಬೇಕು. ಗೇಣುದ್ದ ಒಳಗೆ, ಚೂಪು ತುದಿ ಕೆಳಗೆ. ಚಿಪ್ಪು ಕಾಲು ಸೀಳುತ್ತದೆ. ಬೂಟು ಹಾಕಿದರೆ ಕೆಸರು ಬೂಟನ್ನೇ ಇಟ್ಟುಕೊಳ್ಳುತ್ತದೆ. ಅದಕ್ಕೆ ದಪ್ಪ ಕಾಲುಚೀಲ. ಕಲಬುರಗಿಯ ಜಗತ್ ಬಜಾರಿನಲ್ಲಿ ಒಮ್ಮೆಗೇ ಮೂವತ್ತು ಜೊತೆ ಕೊಂಡಾಗ ಅಂಗಡಿಯವನು, "ಯಾವ ಸಾಲಿ ಟೀಚರ್ ಬಾಯಿಯವರ್ರೀ ನೀವು?" ಎಂದು ಕೇಳಿದ್ದನಂತೆ.

"ಗೌಸಿಯಾ, ತಲಿಕೆಳಗ ನೆಟ್ಟೀದಿ," ಗುಂಡಿಯ ಈಚೆಯಿಂದ ಕಸ್ತೂರಿ ಕೂಗುತ್ತಾಳೆ.

ಕಲಬುರಗಿಯ ಗಾಜಿಪುರದಿಂದ ಮೊದಲ ಬಸ್ಸಿಗೆ ಬಂದ ಗೌಸಿಯಾ ಆಕಳಿಸುತ್ತಾಳೆ. "ನುಗ್ಗಿಕಾಯಿಗೆ ತಲಿ ಯಾವುದು, ಕಾಲು ಯಾವುದು ಅಕ್ಕಾ? ನನಗೇ ಇನ್ನಾ ನಿದ್ದಿ ಹರಿದಿಲ್ಲ."

ನಗೆಯ ನಡುವೆ ಫೋನು ಬಡಿದುಕೊಳ್ಳುತ್ತದೆ. ಎಲ್ಲರ ಕಣ್ಣೂ ಕಸ್ತೂರಿಯ ಕೊರಳಿನ ಮೇಲೆ. ಅವಳು ರಾಡಿ ಕೈಯಲ್ಲಿ ಚೀಲದ ಮೇಲಿಂದಲೇ ಒತ್ತುತ್ತಾಳೆ. ಹೊನ್ನಮ್ಮನ ದನಿ: "ನೂರಕ್ಕೆ ಎಪ್ಪತ್ತು ನಿಂತದೆ. ಬುಡದಲ್ಲಿ ಏಡಿ ಬಿಲ ತೆಗ್ದಿದೆ. ಅಮಾಸೆಗೆ ಮುಂಚೆ ಬಂದ್ಬಿಡಿ, ಮಾರಾಯ್ತಿ."

ಕಸ್ತೂರಿ ಬದುವಿನ ಮೇಲೆ ಕೂತುಬಿಡುತ್ತಾಳೆ. ಎಪ್ಪತ್ತಕ್ಕಿಂತ ಅವಳಿಗೆ ಹಿಡಿಸಿದ್ದು ಏಡಿಯ ಮಾತು. "ಏಡಿ ಮನಿ ಮಾಡ್ತಂದ್ರ ಅದು ಕಾಡೇ ಆತು. ಅದು ಯಾರ ಮಾತೂ ಕೇಳಿ ಬರಲ್ರೀ."

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಸೆರಗಿನಿಂದ ಮುಖ ಒರೆಸಿದರೆ ರಾಡಿ ಇನ್ನಷ್ಟು ಹರಡುತ್ತದೆ. "ಒಮ್ಮಿ ಕೆಲಸಕ್ಕಲ್ಲ, ಸುಮ್ನ ಹೋಗಬೇಕು. ನಾನು ಹಚ್ಚಿದ ಗಿಡದ ನೆರಳಿಗೆ ಕುಂತು ರೊಟ್ಟಿ ತಿನ್ನಬೇಕು."

"ಆ ಕೆಸರಾಗ ಕುಂತರ ಎಬ್ಬಸಾಕ ನಾಲ್ಕು ಮಂದಿ ಬೇಕು," ಎನ್ನುತ್ತಾಳೆ ಗೌಸಿಯಾ.

"ಹದಿನಾಲ್ಕು ಮಂದೀನೂ ಹೋಗೂಣು ಬರ್ರಿ. ರೊಟ್ಟಿ ಜಾಸ್ತಿ ಕಟ್ಟತೀನಿ."